ಕೆಂಪೆಲೆಯ ಚಿತ್ರಕ್ಕೆ ಬೆನ್ನ ಬೆಳಕು

ದಸರಾ ರಜೆಯಲ್ಲಿ ಮೈಸೂರಿನ ಬೀದಿಗಳಲ್ಲಿ ಫೋಟೊ ತೆಗೆಯಲು ಬಣ್ಣದೆಲೆ ಹುಡುಕುವವರಿಗೆ ನಿರಾಸೆಯಾಗುತ್ತದೆ. ಶೀತ ದೇಶಗಳಲ್ಲಿ ಹಗಲು ಕುಗ್ಗಿ ಚಳಿ ಏರಿದಾಗ ಎಲೆ ಹಣ್ಣಾದರೆ, ನಮ್ಮಲ್ಲಿ ಮಳೆ ನಿಂತು ನೆಲ ಒಣಗಿದ ಮೇಲೆ ಆ ಕೆಲಸ ಆರಂಭವಾಗುವುದರಿಂದ ಡಿಸೆಂಬರ್ ಕೊನೆಯವರೆಗಾದರೂ ಕಾಯಬೇಕು. ಮರದ ಆಯ್ಕೆಯಲ್ಲಿ ಗೊಂದಲ ಬೇಡ: ಕಾಡುಬಾದಾಮಿಯನ್ನೇ ಹಿಡಿಯಿರಿ.

ಪೂರ್ತಿ ಕೆಂಪಾದ ಎಲೆಗಿಂತ ಅರ್ಧ ಹಣ್ಣಾದ ಎಲೆ ಮೇಲು. ಪತ್ರಹರಿತ್ತು ಒಡೆದು ಹೋದಂತೆ ಅದುವರೆಗೆ ಮರೆಯಾಗಿದ್ದ ಹಳದಿ ಹೊರಗೆ ಕಾಣುತ್ತದೆ; ಕೆಂಪು ಕೊಡುವ ಆಂಥೋಸಯನಿನ್ ಬಹುಮಟ್ಟಿಗೆ ಆಗಲೇ ಹೊಸದಾಗಿ ತಯಾರಾಗುತ್ತದೆ. ಅಂಚಿನಲ್ಲಿ ಕುಂಕುಮದಂತಹ ಕೆಂಪು, ಒಳಗೆ ಅರಿಸಿನ, ನಡುನರದ ಇಕ್ಕೆಲದಲ್ಲಿ ಇನ್ನೂ ಬಿಡದ ತೆಳುಹಸಿರು, ಈ ಮೂರೂ ಇರುವ ಎಲೆ ಸಿಕ್ಕರೆ ಬೇರೆಯದನ್ನು ಹುಡುಕಬೇಕಿಲ್ಲ.

ಹೆಚ್ಚಿನವರು ಎಡವುವುದು ಬೆಳಕಿನಲ್ಲಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವಾಯುವಿಹಾರಕ್ಕೆ ಬಂದವರು ಸೂರ್ಯನಿಗೆ ಬೆನ್ನು ಮಾಡಿ ಮೊಬೈಲ್ ಎತ್ತುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗೆ ತೆಗೆದಾಗ ಎಲೆಯ ಮೇಣದಂತಹ ಮೈ ಬೆಳಕನ್ನು ಮರಳಿ ಎಸೆದು ಕೆಂಪೆಲ್ಲ ಬಿಳಿಚಿಕೊಳ್ಳುತ್ತದೆ. ಎಲೆ ನಿಮಗೂ ಸೂರ್ಯನಿಗೂ ನಡುವೆ ಇರಬೇಕು. ಜನವರಿಯಲ್ಲಿ ಬೆಳಿಗ್ಗೆ ಏಳೂವರೆಯ ಓರೆ ಬಿಸಿಲು ಎಲೆಯೊಳಗಿನಿಂದ ಹಾದು ಬರುವಾಗ ಕವಲುನರಗಳೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗುತ್ತವೆ. ಹಿನ್ನೆಲೆಗೆ ಆಕಾಶ ಬೇಡವೇ ಬೇಡ. ನೆರಳಿನಲ್ಲಿರುವ ಕಾಂಡವೋ ಗೋಡೆಯೋ ಬರುವಂತೆ ಎರಡು ಹೆಜ್ಜೆ ಸರಿಯಿರಿ.

ಆದರೆ ಹಿನ್ನೆಲೆ ಕಪ್ಪಾದೊಡನೆ ಕ್ಯಾಮೆರಾ ಇಡೀ ದೃಶ್ಯವನ್ನು ಬೆಳಗಿಸಲು ಹೊರಟು, ಎಲೆಯನ್ನು ನರಗಳಿಲ್ಲದ ಕೆಂಪು ತೇಪೆಯನ್ನಾಗಿಸುತ್ತದೆ. ಮೊಬೈಲಿನಲ್ಲಾದರೆ ಎಲೆಯ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ನರಗಳು ಮತ್ತೆ ಕಾಣುವವರೆಗೆ ಬೆಳಕಿನ ಗುರುತನ್ನು ಕೆಳಗೆಳೆಯಿರಿ. ಕ್ಯಾಮೆರಾದಲ್ಲಿ ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಒಳಬರುವ ಬೆಳಕು ಅರ್ಧವಾಗುತ್ತದೆ) ಇಳಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಬೆಳಕಿನ ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್ 'ಆಟೋ'ದಲ್ಲಿದ್ದರೆ ಬೆಳಗಿನ ಹೊಂಬಣ್ಣವನ್ನು ದೋಷವೆಂದು ಭಾವಿಸಿ ಅದು ನೀಲಿಯನ್ನು ಬೆರೆಸುವುದರಿಂದ, ಅದನ್ನು 'ಡೇಲೈಟ್'ಗೆ, ಅಂದರೆ ಸುಮಾರು 5,500 ಕೆಲ್ವಿನ್‌ಗೆ ನಿಲ್ಲಿಸಿ.

ನೆಲಕ್ಕೆ ಬಿದ್ದ ಎಲೆಗಳ ಹೊಳಪು ತಗ್ಗಿಸಲು ಪೋಲರೈಸರ್ ಫಿಲ್ಟರ್ ಉಪಯುಕ್ತ. ಅಗ್ಗದ್ದನ್ನು ಕೊಳ್ಳಬೇಡಿ, ನಾನು ಕೊಂಡಿದ್ದ ಒಂದು ಫಿಲ್ಟರ್ ಇಡೀ ಋತುವಿನ ಚಿತ್ರಗಳಿಗೆ ಹಸಿರು ಛಾಯೆ ಬಳಿದಿತ್ತು, ಅದನ್ನು ಆಮೇಲೆ ಪೂರ್ತಿ ತೆಗೆಯಲಾಗಲಿಲ್ಲ. ಮೊಬೈಲ್ ಆ್ಯಪ್‌ಗಳಲ್ಲಿ ಬಣ್ಣ ಗಾಢಗೊಳಿಸುವ ಅಡ್ಡದಾರಿಯೂ ಬೇಡ, ಏಕೆಂದರೆ ಮೊದಲು ಅಳಿಸಿಹೋಗುವುದು ಕೆಂಪಿನೊಳಗಿನ ಆ ತೆಳುಹಸಿರೇ.

ಯುಗಾದಿಯ ಆಸುಪಾಸಿನಲ್ಲಿ ಅರಳಿಮರದ ತಾಮ್ರವರ್ಣದ ಚಿಗುರಿಗೂ ಇದೇ ಕ್ರಮ ಸಾಕು. ಉದ್ದ ತೊಟ್ಟಿನ ಆ ಎಲೆ ಸಣ್ಣ ಗಾಳಿಗೂ ನಡುಗುವುದರಿಂದ ಶಟರ್ ವೇಗವನ್ನು ಮಾತ್ರ ಸೆಕೆಂಡಿನ 1/500ಕ್ಕೆ ಏರಿಸಿಕೊಳ್ಳಿ.