ಬೆರಳಿಟ್ಟ ಜಿಲ್ಲೆ ಬಣ್ಣ ಬದಲಿಸಬೇಕೇ? ಎಸ್‌ವಿಜಿ ನಕ್ಷೆಗೆ ಸ್ಕ್ರಿಪ್ಟ್ ಜೋಡಿಸುವ ಬಗೆ

ವೆಬ್ ಪುಟದಲ್ಲಿ ಕರ್ನಾಟಕದ ನಕ್ಷೆ ಇರಬೇಕು, ಅದೂ ಎಸ್‌ವಿಜಿ ರೂಪದಲ್ಲಿ, ಅಂದರೆ ಗೆರೆ ಆಕೃತಿಗಳನ್ನು ಕೋಡಿನಲ್ಲೇ ಬರೆದಿಡುವ ಚಿತ್ರವಾಗಿ. ಜಿಲ್ಲೆಯ ಮೇಲೆ ಬೆರಳಿಟ್ಟರೆ ಅದರ ಬಣ್ಣ ಬದಲಾಗಬೇಕು, ಹೆಸರು ಮೂಡಬೇಕು, ಕೇಂದ್ರಸ್ಥಾನದಲ್ಲಿ ಒಂದು ಚುಕ್ಕೆ ಬರಬೇಕು. ವೆಬ್ ಕೆಲಸ ಕಲಿಯಲು ಬರುವವರಿಗೆ ನಾನು ಮೊದಲು ಕೊಡುವ ಅಭ್ಯಾಸ ಇದು. ನಕ್ಷೆಯನ್ನು ಎಲ್ಲರೂ ಅರ್ಧ ಗಂಟೆಯಲ್ಲಿ ಪುಟಕ್ಕೆ ತಂದುಬಿಡುತ್ತಾರೆ. ಆಮೇಲೆ ಆ ಒಂದು ಚುಕ್ಕೆ ಕಾಣಿಸಲಿಲ್ಲವೆಂದು ಎರಡು ದಿನ ಒದ್ದಾಡುತ್ತಾರೆ. ಎಡವುವ ಜಾಗ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಎಚ್ಚರಿಕೆ: ಹಳೆಯ ಪಾಠಗಳನ್ನು ನಂಬಬೇಡಿ. ಡಬ್ಲ್ಯೂ3ಸಿ ಸಂಸ್ಥೆ ಎಸ್‌ವಿಜಿಯನ್ನು ಮಾನದಂಡವಾಗಿ ಒಪ್ಪಿದ್ದು 2001ರಲ್ಲಿ. ಫೈರ್‌ಫಾಕ್ಸ್ 2005ರಲ್ಲಿ, ತನ್ನ 1.5ನೇ ಆವೃತ್ತಿಯಲ್ಲಿ ಅದನ್ನು ಅಳವಡಿಸಿಕೊಂಡಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ 2011ರಲ್ಲಿ 9ನೇ ಆವೃತ್ತಿ ಬರುವ ತನಕ ವಿಎಂಎಲ್ ಎಂಬ ತನ್ನದೇ ದಾರಿ ಹಿಡಿದಿತ್ತು. ಅದಕ್ಕಾಗಿಯೇ ಆ ಕಾಲದ ಪಾಠಗಳ ತುಂಬ ಅಡೋಬಿ ಪ್ಲಗಿನ್, ಎರಡೂ ಬಗೆಯಲ್ಲಿ ಚಿತ್ರ ಬರೆಯುವ ರಾಫೆಲ್ ಲೈಬ್ರರಿ ಇವೇ ಕಾಣುತ್ತವೆ. ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ವಿದಾಯ ಹೇಳಿತು. ಇವತ್ತು ಆ ಸರಂಜಾಮು ಯಾವುದೂ ಬೇಡ.

ಮೊದಲು ನಕ್ಷೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ ನಮ್ಮ ಜಿಲ್ಲೆಗಳು 31. ಸಿಕ್ಕಿದ ಫೈಲಿನಲ್ಲಿ 30 ಇದ್ದರೆ ಅದು ಹಳೆಯದು. ಪ್ರತಿ ಜಿಲ್ಲೆಯೂ ಬೇರೆ ಬೇರೆ ಆಕೃತಿಯಾಗಿರಬೇಕು, ಪ್ರತಿಯೊಂದಕ್ಕೂ ತನ್ನದೇ ಐಡಿ ಇರಬೇಕು. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ತೆರೆದು ಐಡಿ ಕೊಟ್ಟು, 'ಪ್ಲೇನ್ ಎಸ್‌ವಿಜಿ' ಎಂದು ಉಳಿಸಿಕೊಳ್ಳಿ. ಫೋಟೋ ಕೊಟ್ಟರೆ ಎಸ್‌ವಿಜಿ ಮಾಡಿಕೊಡುತ್ತೇವೆ ಎನ್ನುವ ಉಚಿತ ತಾಣಗಳ ಹತ್ತಿರ ಹೋಗಬೇಡಿ. ಅವು ಬಣ್ಣ ನೋಡಿ ಅಂಚು ಎಳೆಯುತ್ತವೆ, ಅಷ್ಟೇ. ಅಕ್ಕಪಕ್ಕದ ಜಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಅವನ್ನು ಬಿಡಿಸುವ ಹೊತ್ತಿಗೆ ಹೊಸ ನಕ್ಷೆಯನ್ನೇ ಬರೆಯಬಹುದು.

ಇನ್ನು ಪುಟಕ್ಕೆ ಸೇರಿಸುವುದು. ಇಮೇಜ್ ಟ್ಯಾಗಿನಲ್ಲಿ ಹಾಕಿದರೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಆದರೆ ಒಳಗಿನ ಸ್ಕ್ರಿಪ್ಟ್ ಯಾವ ಬ್ರೌಸರಿನಲ್ಲೂ ಓಡುವುದಿಲ್ಲ. ಸುರಕ್ಷತೆಗಾಗಿ ಬೇಕೆಂದೇ ಹಾಗೆ ಮಾಡಿದ್ದಾರೆ. ಆಬ್ಜೆಕ್ಟ್ ಟ್ಯಾಗಿನಲ್ಲಿ ಸ್ಕ್ರಿಪ್ಟ್ ಓಡುತ್ತದೆ. ಆದರೆ ಪುಟದಿಂದ ಅದರೊಳಗೆ ಕೈ ಹಾಕಬೇಕಾದರೆ ಫೈಲು ಪೂರ್ತಿ ಲೋಡ್ ಆಗುವವರೆಗೆ ಕಾಯಬೇಕು, ಪುಟ ಮತ್ತು ನಕ್ಷೆ ಒಂದೇ ತಾಣದಲ್ಲಿರಬೇಕು. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಕ್ರೋಮ್ ಒಳಗೆ ಬಿಡುವುದೇ ಇಲ್ಲ. ನನ್ನ ಸಲಹೆ ಖಚಿತ: ಎಸ್‌ವಿಜಿಯ ಇಡೀ ಕೋಡನ್ನು ಎಚ್‌ಟಿಎಂಎಲ್ ಒಳಗೇ ನೇರವಾಗಿ ಇಡಿ. ಪುಟದ ಸ್ಟೈಲು, ಪುಟದ ಫಾಂಟು, ಪುಟದ ಸ್ಕ್ರಿಪ್ಟು ಎಲ್ಲವೂ ನಕ್ಷೆಗೆ ದಕ್ಕುತ್ತವೆ.

ನಕ್ಷೆಯ ಅಳತೆಯ ಚೌಕಟ್ಟು ಹೇಳುವ ವ್ಯೂಬಾಕ್ಸ್ ಇರಲಿ, ಅಗಲ ಎತ್ತರಗಳನ್ನು ಟ್ಯಾಗಿನಿಂದ ತೆಗೆದು ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ಗೆ ಬಿಡಿ. ಬಣ್ಣ ಬದಲಿಸುವುದಕ್ಕೂ ಎರಡು ಸಾಲಿನ ಸಿಎಸ್‌ಎಸ್ ಸಾಕು.

ಈಗ ಆ ಚುಕ್ಕೆ. ಸ್ಕ್ರಿಪ್ಟಿನಲ್ಲಿ ಹೊಸ ವೃತ್ತ ಸೃಷ್ಟಿಸಿ ನಕ್ಷೆಗೆ ಸೇರಿಸಬೇಕು. ಎಲ್ಲರೂ ಬರೆಯುವುದು 'ಕ್ರಿಯೇಟ್ ಎಲಿಮೆಂಟ್' ಎಂದು, ಡಿವ್ ಸೃಷ್ಟಿಸಿ ರೂಢಿಯಾದ ಕೈ. ತಪ್ಪುಗಳನ್ನು ತೋರಿಸುವ ಬ್ರೌಸರಿನ ಕನ್ಸೋಲಿನಲ್ಲಿ ಏನೂ ಬರುವುದಿಲ್ಲ. ಇನ್‌ಸ್ಪೆಕ್ಟ್ ಮಾಡಿದರೆ ವೃತ್ತದ ಟ್ಯಾಗು ನಕ್ಷೆಯೊಳಗೇ ಇದೆ, ಕೇಂದ್ರ ಸರಿ, ತ್ರಿಜ್ಯ ಸರಿ. ಆದರೂ ಪರದೆಯ ಮೇಲೆ ಏನೂ ಇಲ್ಲ! ಜನ ದಿಕ್ಕೆಡುವುದು ಇಲ್ಲಿಯೇ. ಬಣ್ಣ ಬದಲಿಸುತ್ತಾರೆ, ತ್ರಿಜ್ಯ ಹಿಗ್ಗಿಸುತ್ತಾರೆ, ಕೊನೆಗೆ ಬ್ರೌಸರನ್ನೇ ಬೈಯುತ್ತಾರೆ.

ಕಾರಣ ಇಷ್ಟು. ಎಚ್‌ಟಿಎಂಎಲ್ ಒಂದು ಮನೆತನ, ಎಸ್‌ವಿಜಿ ಇನ್ನೊಂದು. ಈ ಮನೆತನದ ಗುರುತಿಗೆ ನೇಮ್‌ಸ್ಪೇಸ್ ಎಂದು ಹೆಸರು. ಬರೀ ಕ್ರಿಯೇಟ್ ಎಲಿಮೆಂಟ್ ಬರೆದರೆ ವೃತ್ತ ಎಂಬ ಹೆಸರಿನ ಎಚ್‌ಟಿಎಂಎಲ್ ಟ್ಯಾಗು ಹುಟ್ಟುತ್ತದೆ. ಎಚ್‌ಟಿಎಂಎಲ್ ಮನೆತನದಲ್ಲಿ ವೃತ್ತವೆಂಬವರು ಯಾರೂ ಇಲ್ಲ, ಹಾಗಾಗಿ ಬ್ರೌಸರ್ ಅದನ್ನು ಬರೆಯುವುದಿಲ್ಲ. ಬಳಸಬೇಕಾದದ್ದು ಕೊನೆಯಲ್ಲಿ ಎನ್ ಮತ್ತು ಎಸ್ ಅಕ್ಷರಗಳಿರುವ 'ಕ್ರಿಯೇಟ್ ಎಲಿಮೆಂಟ್ ಎನ್‌ಎಸ್'. ಅದಕ್ಕೆ ಮೊದಲು ಎಸ್‌ವಿಜಿಯ ವಿಳಾಸ, ಆಮೇಲೆ ಟ್ಯಾಗಿನ ಹೆಸರು ಕೊಡಬೇಕು. ವಿಳಾಸವನ್ನು ಹೀಗೆ ಬರೆಯಿರಿ: ಎಚ್‌ಟಿಟಿಪಿ, ಕೋಲನ್, ಎರಡು ಸ್ಲ್ಯಾಶ್, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಡಾಟ್ ಡಬ್ಲ್ಯೂ3 ಡಾಟ್ ಆರ್ಗ್, ಸ್ಲ್ಯಾಶ್ 2000, ಸ್ಲ್ಯಾಶ್ ಎಸ್‌ವಿಜಿ. ಎಲ್ಲವೂ ಸಣ್ಣಕ್ಷರದಲ್ಲಿ. ಸುರಕ್ಷಿತವಾಗಿರಲಿ ಎಂದು ಎಚ್‌ಟಿಟಿಪಿಎಸ್ ಮಾಡಿದರೂ, ಕೊನೆಗೊಂದು ಸ್ಲ್ಯಾಶ್ ಸೇರಿಸಿದರೂ ಮತ್ತೆ ಚುಕ್ಕೆ ಮಾಯ. ಅದು ಹೋಗಿ ನೋಡುವ ವಿಳಾಸವಲ್ಲ, ಬರೀ ಗುರುತು. ಅಕ್ಷರ ಅಕ್ಷರವೂ ಹೊಂದಬೇಕು. ಒಮ್ಮೆ ಒಂದು ವೇರಿಯಬಲ್‌ನಲ್ಲಿಟ್ಟು ಎಲ್ಲ ಕಡೆ ಅದನ್ನೇ ಬಳಸಿ.

ಅನುಮಾನ ಬಂದರೆ ಕನ್ಸೋಲಿನಲ್ಲಿ ಆ ಟ್ಯಾಗಿನ ನೇಮ್‌ಸ್ಪೇಸ್ ಕೇಳಿ. ಉತ್ತರದಲ್ಲಿ 1999 ಮತ್ತು ಎಕ್ಸ್‌ಎಚ್‌ಟಿಎಂಎಲ್ ಕಂಡರೆ ಮನೆತನ ತಪ್ಪಿದೆ. ಜೆಕ್ವೆರಿ ಲೈಬ್ರರಿಯಲ್ಲಿ ಟ್ಯಾಗು ಬರೆದು ಸೃಷ್ಟಿಸಿದರೂ ಇದೇ ಗತಿ. ಇನ್ನು ಕೆಲವರು ಹೇಳಿಕೊಡುವ ಒಂದು ಅಡ್ಡದಾರಿ ಇದೆ: ನಕ್ಷೆಯ ಇನ್ನರ್ ಎಚ್‌ಟಿಎಂಎಲ್ ಅನ್ನು, ಅಂದರೆ ಅದರೊಳಗಿನ ಇಡೀ ಕೋಡನ್ನು, ಅದಕ್ಕೇ ಮತ್ತೆ ಕೊಟ್ಟುಬಿಡುವುದು. ಚುಕ್ಕೆ ಕಾಣುತ್ತದೆ, ನಿಜ. ಆದರೆ ಹಳೆಯ ಟ್ಯಾಗುಗಳೆಲ್ಲ ಅಳಿದು ಹೊಸವು ಹುಟ್ಟಿರುತ್ತವೆ, ಜಿಲ್ಲೆಗಳಿಗೆ ಕಟ್ಟಿದ್ದ ಕ್ಲಿಕ್ಕುಗಳೆಲ್ಲ ಹೋಗಿರುತ್ತವೆ. ದಯವಿಟ್ಟು ಬೇಡ.

ಮನೆತನ ಸರಿಯಾದ ಮೇಲೂ ಎರಡು ಮುಳ್ಳುಗಳಿವೆ. ವೃತ್ತದ ತ್ರಿಜ್ಯಕ್ಕೆ ಸಮ ಚಿಹ್ನೆ ಹಾಕಿ ನೇರವಾಗಿ 20 ಎಂದು ಕೊಟ್ಟರೆ ಏನೂ ಆಗದು. ಎಸ್‌ವಿಜಿಯಲ್ಲಿ ಅದು ಓದಲು ಮಾತ್ರ, ಬದಲಿಸಲು 'ಸೆಟ್ ಆಟ್ರಿಬ್ಯೂಟ್' ಬೇಕು. ಕ್ಲಾಸ್ ಕೊಡುವುದಕ್ಕೂ ಅದೇ, ಇಲ್ಲವೇ ಕ್ಲಾಸ್‌ಲಿಸ್ಟ್. ಎರಡನೆಯದು ವ್ಯೂಬಾಕ್ಸ್‌ನ ಬಿ ಅಕ್ಷರ. ಎಚ್‌ಟಿಎಂಎಲ್‌ನಲ್ಲಿ ಅದನ್ನು ಸಣ್ಣದಾಗಿ ಬರೆದರೂ ಬ್ರೌಸರ್ ತಿದ್ದಿಕೊಳ್ಳುತ್ತದೆ, ಸ್ಕ್ರಿಪ್ಟಿನಿಂದ ಕೊಟ್ಟರೆ ತಿದ್ದುವುದಿಲ್ಲ. ದೊಡ್ಡ ಬಿ ಇರಲೇಬೇಕು.

ಹೆಸರು ಮೂಡಿಸುವಾಗ ಕನ್ನಡದ್ದೇ ಒಂದು ತೊಡಕಿದೆ. ಇಂಗ್ಲಿಷಿಗೆಂದು ಬರೆದ ಸ್ಕ್ರಿಪ್ಟುಗಳು ಅಕ್ಷರಗಳನ್ನು ಒಂದೊಂದಾಗಿ ಕುಣಿಸಲು ಪದವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಜಾಗ ಕೊಡುತ್ತವೆ. 'ಶಿವಮೊಗ್ಗ' ಅಲ್ಲಿಗೆ ಮುಗಿಯಿತು: ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. 'ಚಿತ್ರದುರ್ಗ'ದ ಅರ್ಕಾವತ್ತಿನ ಗತಿಯೂ ಅದೇ. ಇಡೀ ಹೆಸರನ್ನು ಒಂದೇ ಟೆಕ್ಸ್ಟ್ ಟ್ಯಾಗಿನಲ್ಲಿಡಿ, ಟೆಕ್ಸ್ಟ್ ಆ್ಯಂಕರನ್ನು ಮಧ್ಯಕ್ಕೆ ಹೊಂದಿಸಿ. ಅಕ್ಷರ ಜೋಡಿಸುವ ಕೆಲಸ ಬ್ರೌಸರಿನದು, ಅದಕ್ಕೇ ಬಿಡಿ. ಹೆಸರಿನ ಹಿಂದೆ ಬಿಳಿ ಪಟ್ಟಿ ಬೇಕಿದ್ದರೆ ಫಾಂಟ್ ಬಂದಿಳಿದ ಮೇಲೆಯೇ ಅಗಲ ಅಳೆಯಿರಿ, ಮೊದಲೇ ಅಳೆದರೆ ಬೇರೆ ಫಾಂಟಿನ ಅಳತೆ ಸಿಗುತ್ತದೆ. ಒಡೆಯುವುದೇ ಬೇಡವೆಂದು ಅಕ್ಷರಗಳನ್ನು ಗೆರೆಗಳಾಗಿ ಮಾರ್ಪಡಿಸುವವರಿದ್ದಾರೆ. ಆ ಅಕ್ಷರಗಳನ್ನು ಹುಡುಕಲಾಗದು, ನಕಲಿಸಲಾಗದು, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದಲಾರದು. ಇದನ್ನು ನಾನು ಒಪ್ಪುವುದಿಲ್ಲ.

ಬೆರಳಿಟ್ಟ ಜಿಲ್ಲೆ ತುಸು ಹಿಗ್ಗಬೇಕೆಂದು ಸಿಎಸ್‌ಎಸ್‌ನಲ್ಲಿ ಸ್ಕೇಲ್ ಬರೆದರೆ ಅದು ಜಾಗ ಬಿಟ್ಟು ಜಾರುತ್ತದೆ. ಎಸ್‌ವಿಜಿ ಆಕೃತಿಗಳು ಹಿಗ್ಗುವುದು ತಮ್ಮ ನಡುವಿನಿಂದಲ್ಲ, ಇಡೀ ನಕ್ಷೆಯ ಮೂಲೆಯಿಂದ. 'ಟ್ರಾನ್ಸ್‌ಫಾರ್ಮ್ ಬಾಕ್ಸ್'ಗೆ 'ಫಿಲ್ ಬಾಕ್ಸ್' ಎಂದೂ, 'ಟ್ರಾನ್ಸ್‌ಫಾರ್ಮ್ ಆರಿಜಿನ್'ಗೆ 'ಸೆಂಟರ್' ಎಂದೂ ಕೊಡಿ, ನಿಲ್ಲುತ್ತದೆ.

ಕೊನೆಗೆ ಪರೀಕ್ಷೆ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ನೋಡಿ. ನಮ್ಮಲ್ಲಿ ಸಿಗುವ ಐಫೋನಿನ ಕ್ರೋಮ್ ಒಳಗಡೆ ಸಫಾರಿಯ ಎಂಜಿನ್ನೇ ಆದ್ದರಿಂದ ಅದನ್ನು ಬೇರೆ ಎಂದು ಎಣಿಸಬೇಡಿ. ಮೌಸ್ ಇಲ್ಲದ ಫೋನಿನಲ್ಲಿ ಬೆರಳಿನಿಂದಲೇ ಒತ್ತಿ ನೋಡಿ, ಬೆಂಗಳೂರು ನಗರ ಜಿಲ್ಲೆಯನ್ನು ಮೊದಲು ಒತ್ತಿ. ಅಷ್ಟು ಸಣ್ಣ ಜಿಲ್ಲೆ ಬೆರಳಿಗೆ ಸಿಗದಿದ್ದರೆ ಅದರ ಮೇಲೊಂದು ಪಾರದರ್ಶಕ ವೃತ್ತ ಹೊದಿಸಿ, ಕ್ಲಿಕ್ಕನ್ನು ಅದಕ್ಕೇ ಕಟ್ಟಿ. ಆ ವೃತ್ತವನ್ನು ಸ್ಕ್ರಿಪ್ಟಿನಿಂದ ಸೃಷ್ಟಿಸುವುದಾದರೆ ಎನ್‌ಎಸ್ ಮರೆಯಬೇಡಿ.