ಸೆಕೆಂಡಿನ ಪಲ್ಸ್ ಎಷ್ಟು ಕರಾರುವಾಕ್ಕು? ಅಳೆದು ನೋಡುವ ಬಗೆ

ಟೈಮಿಂಗ್‌ಗೆಂದೇ ಮಾಡಿದ ಜಿಪಿಎಸ್ ಅಥವಾ ನಾವಿಕ್ (ಭಾರತದ್ದೇ ಉಪಗ್ರಹ ವ್ಯವಸ್ಥೆ) ರಿಸೀವರ್ ಸೆಕೆಂಡಿಗೊಂದು ಪಲ್ಸ್, ಅಂದರೆ ವಿದ್ಯುತ್ ಮಿಡಿತ, ಕೊಡುತ್ತದೆ. ಅದು ಎಷ್ಟು ಆಚೀಚೆಯಾಗುತ್ತದೆಂದು ತಿಳಿಯಲು ಹೋಲಿಕೆಗೆ ರುಬಿಡಿಯಂ ಪರಮಾಣು ಗಡಿಯಾರ, ಎರಡು ಪಲ್ಸ್‌ಗಳ ನಡುವಿನ ಸಮಯ ಅಳೆಯುವ ಟೈಮ್ ಇಂಟರ್ವಲ್ ಕೌಂಟರ್, ಕರೆಂಟ್ ಹೋದರೂ ನಿಲ್ಲದ ಯುಪಿಎಸ್ ಬೇಕು. ಒಂದು ನ್ಯಾನೊಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ) ಬೆಳಕು ಸಾಗುವುದು 30 ಸೆಂ.ಮೀ. ಹಾಗಾಗಿ ಒಂದು ಮೊಳ ಕೇಬಲ್ಲೂ ಲೆಕ್ಕಕ್ಕೆ ಬರುತ್ತದೆ.

ಮಲೆನಾಡಿನಲ್ಲಿ ಅಳತೆ ಕೆಡುವುದು ಹೆಚ್ಚಾಗಿ ಆಂಟೆನಾದಲ್ಲೇ. ಈ ತರಂಗಗಳಿಗೆ ಮಳೆಹನಿ ದೊಡ್ಡ ಅಡ್ಡಿಯಲ್ಲ. ಆದರೆ ತೋಟದ ಅಡಿಕೆ ಮರಗಳ ಒದ್ದೆ ಸೋಗೆ ಸಿಗ್ನಲ್ಲನ್ನು ಹೀರುತ್ತದೆ. ತಗಡಿನ ಮಾಡಿಗೆ ಬಡಿದು ಬಂದ ಸಿಗ್ನಲ್ ತಡವಾಗಿ ತಲುಪಿ ಸಮಯವನ್ನೇ ಜರುಗಿಸುತ್ತದೆ. ಮಾಡಿನ ನೆತ್ತಿಗಿಂತ ಮೇಲೆ, ಆಕಾಶ ತೆರೆದಿರುವಲ್ಲಿ ಕಂಬ ಹಾಕಿ. ಕನೆಕ್ಟರಿಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಕೇಬಲ್ ಒಳಗೆ ಬರುವ ಮುನ್ನ ಕೆಳಕ್ಕೊಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಬಳಿಕ ರಿಸೀವರನ್ನು ಸ್ಥಿರ ಸ್ಥಾನದ ಮೋಡ್‌ಗೆ ಹಾಕಿ, 24 ಗಂಟೆ ತನ್ನ ಜಾಗ ತಾನೇ ಅಳೆದುಕೊಳ್ಳಲು ಬಿಡಿ. ಎತ್ತರದಲ್ಲಿ 3 ಮೀಟರ್ ತಪ್ಪಿದರೆ ಸಮಯದಲ್ಲಿ 10 ನ್ಯಾನೊಸೆಕೆಂಡ್‌ವರೆಗೂ ತಪ್ಪಬಹುದು. ಡಿಶ್ ಟಿವಿಯ ಆರ್‌ಜಿ-6 ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 4 ನ್ಯಾನೊಸೆಕೆಂಡ್ ತಡ; 20 ಮೀಟರ್ ಎಳೆದಿದ್ದರೆ 80 ಎಂದು ಸೆಟ್ಟಿಂಗ್‌ನಲ್ಲಿ ಬರೆಯಿರಿ.

ರಿಸೀವರನ್ನು ದೂರುವ ಮುನ್ನ ಕೌಂಟರನ್ನು ಪರೀಕ್ಷಿಸಲೇಬೇಕು. ಒಂದೇ ಪಲ್ಸನ್ನು ಟಿ-ಕನೆಕ್ಟರಿನಲ್ಲಿ ಸೀಳಿ, ಸಮ ಉದ್ದದ ಕೇಬಲ್‌ಗಳಲ್ಲಿ ಎರಡೂ ಚಾನೆಲ್‌ಗೆ ಕೊಡಿ. ಆಗ ಕಾಣುವ ಏರಿಳಿತ ಕೌಂಟರಿನದೇ. ಟ್ರಿಗರ್ ಮಟ್ಟ, ಅಂದರೆ ಪಲ್ಸ್ ಎಷ್ಟು ವೋಲ್ಟ್ ಮುಟ್ಟಿದಾಗ ಕೌಂಟರ್ ಅದನ್ನು ಗುರುತಿಸಬೇಕೆಂಬುದು, ಆಟೋದಲ್ಲಿರಬಾರದು. 1 ವೋಲ್ಟ್‌ಗೆ ನಿಲ್ಲಿಸಿ. ಈಗ ರುಬಿಡಿಯಂ ಪಲ್ಸನ್ನು ಸ್ಟಾರ್ಟ್‌ಗೆ, ರಿಸೀವರಿನದನ್ನು ಸ್ಟಾಪ್‌ಗೆ ಕೊಟ್ಟು ದಾಖಲಿಸಿ. 0.999999980 ಸೆಕೆಂಡ್ ಎಂದು ಬಂದರೆ ಗಾಬರಿ ಬೇಡ: ರಿಸೀವರ್ ಪಲ್ಸ್ 20 ನ್ಯಾನೊಸೆಕೆಂಡ್ ಮೊದಲೇ ಬಂದಿದೆ ಎಂದರ್ಥ.

ಗ್ರಾಫಿನಲ್ಲಿ ಗರಗಸದ ಹಲ್ಲು ಮೂಡುತ್ತದೆ. ಒಳಗಿನ ಗಡಿಯಾರ 48 ಮೆಗಾಹರ್ಟ್ಸ್‌ನದಾದರೆ ಪಲ್ಸ್ 20.8 ನ್ಯಾನೊಸೆಕೆಂಡಿನ ಮೆಟ್ಟಿಲುಗಳ ಮೇಲೆ ಮಾತ್ರ ಬೀಳಬಲ್ಲದು. ಕೆಲವೊಮ್ಮೆ ಹಲ್ಲು ಮಾಯವಾಗಿ, ಗೆರೆ ನಿಮಿಷಗಟ್ಟಲೆ ಒಂದೇ ಕಡೆ ನಿಲ್ಲುತ್ತದೆ. ಅಂಥಲ್ಲಿ ಸರಾಸರಿ ತೆಗೆದು ಪ್ರಯೋಜನವಿಲ್ಲ. ಪ್ರತಿ ಪಲ್ಸಿನಲ್ಲಿ ಈ ಮೆಟ್ಟಿಲಿನಿಂದಾದ ತಪ್ಪೆಷ್ಟೆಂದು ಟೈಮಿಂಗ್ ರಿಸೀವರ್ ಸಂದೇಶದಲ್ಲಿ ತಾನೇ ಹೇಳುತ್ತದೆ, ಅದರಿಂದ ಓದನ್ನು ಸರಿಪಡಿಸಿ. ಕೂಡಬೇಕೋ ಕಳೆಯಬೇಕೋ ಗೊತ್ತಾಗದಿದ್ದರೆ ಎರಡನ್ನೂ ಮಾಡಿ, ಚದುರಿಕೆ ಕುಗ್ಗಿದ್ದು ಸರಿ. ಎರಡರಲ್ಲೂ ಕುಗ್ಗದಿದ್ದರೆ ಸಂದೇಶ ಮುಂದಿನ ಸೆಕೆಂಡಿನದ್ದಿರಬಹುದು. ಒಂದು ಸಾಲು ಸರಿಸಿ ಜೋಡಿಸಿ.

ರುಬಿಡಿಯಮ್ಮೂ ಜರುಗುತ್ತದೆ. ಅದರ ವೇಗ ಸಾವಿರ ಕೋಟಿಯಲ್ಲಿ ಒಂದು ಭಾಗ ತಪ್ಪಿದರೂ ದಿನಕ್ಕೆ 8.6 ಮೈಕ್ರೊಸೆಕೆಂಡ್. ಗ್ರಾಫಿಗೆ ನೇರ ಗೆರೆ ಎಳೆದು ಆ ಇಳಿಜಾರನ್ನು ಕಳೆಯಿರಿ. ಉಳಿಯುವುದು ಪಲ್ಸಿನ ಸ್ಥಿರತೆ ಮಾತ್ರ. ನಿಜವಾದ ಕಾಲಮಾನಕ್ಕೆ ಎಷ್ಟು ಸರಿಯಿದೆ ಎನ್ನಲು, ಭಾರತೀಯ ಕಾಲಮಾನ ಕಾಯುವ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಂಥಲ್ಲಿ ಹೋಲಿಸಿ ತಂದ ರಿಸೀವರ್ ಪಕ್ಕದಲ್ಲಿರಬೇಕು.

ದಾಖಲೆ ಪೂರ್ತಿ ಹಗಲು, ಪೂರ್ತಿ ರಾತ್ರಿ ನಡೆಯಲಿ. ಶಿವಮೊಗ್ಗ ಭೂಕಾಂತೀಯ ಸಮಭಾಜಕಕ್ಕೆ (ಭೂಮಿಯ ಕಾಂತಕ್ಷೇತ್ರದ ನಡುಗೆರೆ) ಹತ್ತಿರವಿರುವುದರಿಂದ ಸೂರ್ಯ ಮುಳುಗಿದ ಮೇಲೆ ಅಯಾನುಗೋಳ, ಅಂದರೆ ಉಪಗ್ರಹದ ಸಿಗ್ನಲ್ ಹಾದು ಬರುವ ಮೇಲಿನ ವಿದ್ಯುದಾವೇಶದ ಪದರ, ಕದಡುತ್ತದೆ, ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೂ ಹೆಚ್ಚು. ರಾತ್ರಿ ಎಂಟರಿಂದ ಹನ್ನೆರಡರ ಓದುಗಳನ್ನು ಬೇರೆಯಾಗಿಯೇ ಬರೆದಿಡಿ.