ಅಂಡಮಾನ್‌ಗೆ ಮಕ್ಕಳನ್ನ ಕರ್ಕೊಂಡು ಹೋಗೋರಿಗೆ

ಎರಡು ವಾರ ಹೋಗೋದಾದ್ರೆ ದಿನಕ್ಕೊಂದು ದ್ವೀಪ ಸುತ್ತಬೇಡಿ. ಹ್ಯಾವ್‌ಲಾಕ್, ನೀಲ್ ಎರಡೇ ಸಾಕು, ಫೆರ್ರಿ ಹತ್ತಿ ಇಳಿಯೋದರಲ್ಲೇ ಮಕ್ಕಳು ಸುಸ್ತಾಗ್ತಾರೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತೆ, ಹಾಗಾಗಿ ಬೆಳಗ್ಗೆ ಬೇಗ ಎಬ್ಬಿಸಿ ನೀರಿಗೆ ಕರ್ಕೊಂಡು ಹೋಗಿ, ಮಧ್ಯಾಹ್ನ ಮಲಗಿಸಿ.

ಉಬ್ಬರ-ಇಳಿತದ ಹೊತ್ತನ್ನ ಹಿಂದಿನ ರಾತ್ರಿನೇ ಕೇಳಿಟ್ಕೊಳ್ಳಿ. ನೀಲ್‌ನಲ್ಲಿ ಇಳಿತ ಇದ್ದಾಗ ನೀರು ದೂರ ಸರಿದು ಬಂಡೆ, ಸತ್ತ ಹವಳ ಎಲ್ಲ ಮೇಲೆ ಬರುತ್ತೆ. ಈಜೋಕಾಗಲ್ಲ, ಆದ್ರೆ ಗುಂಡಿಗಳಲ್ಲಿರೋ ಏಡಿ, ಪುಟಾಣಿ ಮೀನು ನೋಡ್ತಾ ಮಕ್ಕಳು ಗಂಟೆಗಟ್ಟಲೆ ಕೂರ್ತಾರೆ (ಕೆಲವು ಕಡೆ ಮೊಬೈಲ್ ನೆಟ್‌ವರ್ಕ್ ಸರಿಯಾಗಿ ಸಿಗದಿರೋದೂ ಒಂದು ಪುಣ್ಯ!). ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಹಾಕಿಸಿ, ಹವಾಯಿ ಚಪ್ಪಲಿ ಜಾರುತ್ತೆ. ಹವಳದ ಚೂರು ಜೇಬಿಗಿಳಿದಿದೆಯಾ ನೋಡ್ಕೊಳ್ಳಿ, ತರೋದು ಕಾನೂನುಬಾಹಿರ. ಮೊಸಳೆ ಎಚ್ಚರಿಕೆಯ ಬೋರ್ಡ್ ಇರೋ ಕಡೆ ಕಾಲೂ ತೊಳೀಬೇಡಿ.